ಕಾಕು ಹೇಳದ ಪಾಸ್‌ವರ್ಡ್

ಸ್ನೇಹಿತರೇ, ಉಮರ್ಗಾದ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಇವತ್ತು ಗುಂಜೋಟಿಯಿಂದ ವಯಸ್ಸಾದ ಗಂಡ ಹೆಂಡತಿ, ನಮ್ಮ ಕಡೆಯ ಮಾತಲ್ಲಿ ಕಾಕಾ ಮತ್ತು ಕಾಕು, ಹಳೆಯ ಹಾರ್ಡ್‌ ಡಿಸ್ಕ್ ತಂದಿದ್ದರು. ಭೂಕಂಪದಲ್ಲಿ ಬಿದ್ದ ಮನೆಯ ಫೋಟೋಗಳನ್ನು ಹಿಂದೆ ಸ್ಕ್ಯಾನ್ ಮಾಡಿಸಿದ್ದರು, ಅವು ಈಗ ಈ ಡಿಸ್ಕಿನಲ್ಲಷ್ಟೇ ಉಳಿದಿವೆ. ಡಿಸ್ಕ್ ಓಡಿತು, ಆದರೆ ಫೋಲ್ಡರಿಗೆ ಲಾಕ್ ಇತ್ತು.

"ಪಾಸ್‌ವರ್ಡ್ ಹೇಳ್ರಿ ಕಾಕು."

ಕಾಕು ಗದ್ದ ಎತ್ತಿ ಗಂಡನ ಕಡೆ ತೋರಿಸಿದರು.

"ನನಗೇನ್ ಗೊತ್ತು? ಇಟ್ಟಾಕಿ ನೀ," ಎಂದರು ಕಾಕಾ.

"ಮರ್ತೀರೇನ್ರಿ ಕಾಕು?"

"ಮರ್ತಿಲ್ರೀ. ಬಾಯಿಲೆ ಹೇಳಬಾರ್ದು."

ಕಾಕು ಕೀಬೋರ್ಡಿಗೆ ಕೈ ಚಾಚಿದರೆ ಕಾಕಾ ಮುಟ್ಟಬೇಡ ಎಂದು ಮರಾಠಿಯಲ್ಲಿ ತಡೆದರು. "ಹಾತ್ ಲಾವೂ ನಕೋ! ಕೆಡ್ತದ ಅದು."

ಕಾಕು ಮತ್ತೆ ಗಂಡನ ಕಡೆಗೇ ಗದ್ದ ಎತ್ತಿದರು.

ಆಗ ನಮ್ಮವ್ವ ನೆನಪಾದಳು. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ನನ್ನನ್ನು ಮುಂದೆ ತಳ್ಳುತ್ತಿದ್ದಳು. ಹೆಂಡತಿಯಾದವಳು ಗಂಡನ ಹೆಸರು ಹಿಡಿದು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ.

"ಕಾಕಾ, ನಿಮ್ಮ ಹೆಸರೇನ್ರಿ?"

"ಶರಣಪ್ಪ. ಅದ್ಯಾಕ ಬೇಕ್ರಿ ಈಗ?"

ಆ ಹೆಸರನ್ನೇ ಟೈಪ್ ಮಾಡಿದೆ. ಫೋಲ್ಡರ್ ತೆರೆಯಿತು. ಹಳೆಯ ಮನೆ, ಕಟ್ಟೆ, ಕಟ್ಟೆಯ ಮೇಲೆ ಕಾಕಾ ಅವರ ಅವ್ವ.

ಕಾಕಾ ಕಣ್ಣೊರೆಸಿಕೊಂಡು ಹೆಂಡತಿಗೆ ಹೇಳಿದರು: "ನೋಡು, ಇವ್ರು ಹುಡುಕಿದ್ರು. ನೀ ಮರ್ತು ಕುಂತಿದ್ದಿ."

ಇಷ್ಟು ಭದ್ರವಾದ ಪಾಸ್‌ವರ್ಡ್ ನಾನು ನೋಡಿಲ್ಲ. ಗೊತ್ತಿದ್ದವರು ಹೇಳುವುದಿಲ್ಲ, ಹೆಸರಿನವರಿಗೆ ಇನ್ನೂ ಗೊತ್ತಾಗಿಲ್ಲ.