ದೋಸ್ಕಲಿಗೆ ಸಿಕ್ಕ ತಲೆ

ಅರವತ್ತೆಂಟು ದಾಟಿದರೂ ಔತಣದಲ್ಲಿ ದೋಸ್ಕಲಿಗೆ ಸಿಗುತ್ತಿದ್ದದ್ದು ಕುರಿಯ ಕಿವಿ. ಕಿವಿ ಮಕ್ಕಳ ಪಾಲು. ಹೇಳಿದ ಮಾತು ಕೇಳಲಿ ಅಂತ ಕೊಡುವುದು. ಬೇಯಿಸಿದ ತಲೆ ಹಿರಿಯನ ಮುಂದೆ ಬರಬೇಕು, ಅದೂ ಅಪ್ಪನನ್ನು ಮಣ್ಣು ಮಾಡಿ ಬಂದವನ ಮುಂದೆ. ಅಪ್ಪ ಬದುಕಿರುವ ಗಂಡಸು ಅದನ್ನು ಮುಟ್ಟುವಂತಿಲ್ಲ. ದೋಸ್ಕಲಿಯ ಅಪ್ಪ ಎರ್ಮುಖಾನ್‌ಗೆ ತೊಂಬತ್ತು ಕಳೆದಿತ್ತು. ಸಾಯುವ ವಿಚಾರವನ್ನೇ ಆತ ಮರೆತುಬಿಟ್ಟಿದ್ದ.

ತರಾಜ್ ಪಟ್ಟಣದಾಚೆಯ ಆ ಕಜಕ್ ಹಳ್ಳಿಯಲ್ಲಿ ದೋಸ್ಕಲಿ ಜೀವಮಾನವಿಡೀ ಟ್ರ್ಯಾಕ್ಟರ್ ಓಡಿಸಿದ. ಸೋವಿಯತ್ ಸರ್ಕಾರ ಉದುರಿದ್ದನ್ನು ನೋಡಿದ, ತನ್ನ ಹಲ್ಲು ಉದುರಿದ್ದನ್ನೂ ನೋಡಿದ. ಓರಗೆಯವರೆಲ್ಲ ಅಪ್ಪಂದಿರನ್ನು ಒಬ್ಬೊಬ್ಬರನ್ನಾಗಿ ಕಳಿಸಿಕೊಟ್ಟು ಕಿವಿಯಿಂದ ತಲೆಗೆ ಬಡ್ತಿ ಪಡೆದರು. "ತಗೋ ಮರಿ, ಕಿವಿ" ಅಂತ ಅವರು ರೇಗಿಸುವಾಗ ಇವನಿಗೆ ಹೊಟ್ಟೆ ಉರಿಯುತ್ತಿತ್ತು. ಒಮ್ಮೆಯಾದರೂ ಆ ತಲೆ ತನ್ನ ಮುಂದೆ ಬರಬೇಕು. ಅವನಿಗಿದ್ದದ್ದು ಇದೊಂದೇ ಆಸೆ.

ಮೊಮ್ಮಗನಿಗೆ ಗಡಿಯಾಚೆಯ ಕಿರ್ಗಿಜ್ ಹುಡುಗಿಯ ಜತೆ ಮದುವೆ ಗೊತ್ತಾಯಿತು. ಅವಳಿಗೆ ನಿಶ್ಚಿತಾರ್ಥದ ಓಲೆ ತೊಡಿಸಲು ದೋಸ್ಕಲಿ ಹೆಂಡತಿ ಕುಲಾಶ್ ಜತೆ ಹೊರಟ. ಮಂಡಿ ನೋವಿನ ಅಪ್ಪ ಮನೆಯಲ್ಲೇ ಉಳಿದ. ಕಜಕರ ಮಾತೂ ಕಿರ್ಗಿಜರ ಮಾತೂ ಅಣ್ಣತಮ್ಮಂದಿರು. ಬೀಗತನಕ್ಕಾಗಲಿ ಜಗಳಕ್ಕಾಗಲಿ ನಡುವೆ ಯಾರೂ ಬೇಕಿಲ್ಲ.

ಬೀಗ ಜೆಕ್ಷೆನ್ ಹಬೆಯಾಡುವ ತಟ್ಟೆ ತಂದು ದೋಸ್ಕಲಿಯ ಮುಂದಿಟ್ಟ. ತಲೆ! "ನಮ್ಮಪ್ಪ ಇದಾರೆ, ಬೇಡ" ಅಂದಿದ್ದರೆ ಮುಗಿಯುತ್ತಿತ್ತು. ಮೇಜಿನ ಕೆಳಗೆ ಕುಲಾಶ್ ತೊಡೆ ಚಿವುಟಿದಳು. ದೋಸ್ಕಲಿ ಚಾಕು ಎತ್ತಿಕೊಂಡ. ಕೆನ್ನೆಯ ಮಾಂಸ ಕೊಯ್ದು ಬಾಯಿಗಿಟ್ಟ. ಸ್ವರ್ಗಕ್ಕೆ ಮೂರೇ ಗೇಣು.

ಜೆಕ್ಷೆನ್ ಮುಖ ಸಪ್ಪೆ ಮಾಡಿಕೊಂಡ. "ಬೀಗರೇ, ನಿಮ್ಮ ತಂದೆಯವರು ಹೋಗಿದ್ದು ನಮಗೆ ಗೊತ್ತೇ ಆಗ್ಲಿಲ್ಲ. ಬನ್ನಿ, ಅವರ ಆತ್ಮಕ್ಕೆ ಒಂದು ಪ್ರಾರ್ಥನೆ ಮಾಡೋಣ."

ಎಲ್ಲರೂ ಅಂಗೈ ಬಿಡಿಸಿದರು. ಬಾಯಲ್ಲಿ ತುತ್ತಿಟ್ಟುಕೊಂಡೇ ದೋಸ್ಕಲಿ ಬದುಕಿರುವ ಅಪ್ಪನ ಆತ್ಮಶಾಂತಿಗೆ ಆಮೀನ್ ಅಂದ.

ಬಾಡಿಗೆ ಕಾರಿನಲ್ಲಿ ವಾಪಸ್ಸು ಬರುವಾಗ ಕುಲಾಶ್ ಸುಮ್ಮನಿರಲಿಲ್ಲ. "ಥೂ, ಮುದುಕಾ! ಒಂದು ಚೂರು ಮಾಂಸಕ್ಕೆ ಹೆತ್ತಪ್ಪನ್ನ ಸಾಯಿಸಿಬಿಟ್ಯಲ್ಲ!"

"ಮೆಲ್ಲಗೆ ಕಣೇ, ಡ್ರೈವರ್ ಕೇಳಿಸ್ಕೊತಾನೆ."

"ನಾಳೆ ಅವರು ನಮ್ಮನೆಗೆ ಬರ್ತಾರಲ್ಲ, ಆಗೇನ್ ಮಾಡ್ತೀಯ?"

"ಅಷ್ಟರೊಳಗೆ..." ಅಂದವನು ನಾಲಿಗೆ ಕಚ್ಚಿಕೊಂಡ.

ಅಷ್ಟರೊಳಗೆ ಏನೂ ಆಗಲಿಲ್ಲ. ಬೀಗರು ಬಂದರು, ಕುರಿ ಸಮೇತ. ಸಾವಾದ ಮನೆಗೆ ಮೊದಲ ಸಲ ಬರುವ ಗಂಡಸು ಬಾಗಿಲಿನಿಂದಲೇ ಗೋಳಾಡುತ್ತ ಬರಬೇಕು. ಜೆಕ್ಷೆನ್ ಶಾಸ್ತ್ರ ಬಿಡುವವನಲ್ಲ. "ಅಯ್ಯೋ ನನ್ನಪ್ಪನೇ, ಬೆಟ್ಟದಂಥವನೇ!" ಎಂದು ಅರಚುತ್ತ ಒಳನುಗ್ಗಿದ. ಅಂಗಳದಲ್ಲಿ ಬಿಸಿಲು ಕಾಯಿಸುತ್ತಿದ್ದ ಎರ್ಮುಖಾನ್ ಎದ್ದು ಅವನನ್ನು ತಬ್ಬಿಕೊಂಡು ತಾನೂ ಗೊಳೋ ಎಂದು ಅತ್ತ. ಅಳುತ್ತ ಬಂದವನ ಜತೆ ಅಳದಿದ್ದರೆ ಮರ್ಯಾದೆಯಲ್ಲ. ಸಾಕಷ್ಟು ಅತ್ತಮೇಲೆ ಮೂಗೊರೆಸಿಕೊಂಡು ಕೇಳಿದ: "ಯಾರಪ್ಪಾ ಹೋಗಿದ್ದು?"

"ದೋಸ್ಕಲಿಯವರ ತಂದೆ, ತಾತಾ."

ಮುದುಕ ತಿರುಗಿ ಮಗನನ್ನು ನೋಡಿದ. ದೋಸ್ಕಲಿಗೆ ನಾಚಿಕೆಯಲ್ಲಿ ಜೀವ ಹೋದಂತಾಗಿತ್ತು. ಸಂಬಂಧ ಮುರಿದರೆ ಮುರಿಯಲಿ, ಅಪ್ಪ ಹಾಗೆ ನೋಡದಿದ್ದರೆ ಸಾಕಿತ್ತು.

"ಓ, ಅವನಾ?" ಎಂದ ಮುದುಕ. "ಹೋಗಿದ್ದು ನಿಜ ಕಣಪ್ಪಾ. ನೀವು ಕುರಿ ತಂದ ವಾಸನೆ ಬಂತು ನೋಡು, ಎದ್ದು ಬಂದೆ."

ಜೆಕ್ಷೆನ್ ಒಮ್ಮೆ ಮುದುಕನನ್ನು, ಒಮ್ಮೆ ದೋಸ್ಕಲಿಯನ್ನು ನೋಡಿದ. ಆಮೇಲೆ ಬೆಂಚಿನ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕ. ಮದುವೆಗೇನೂ ಕುತ್ತು ಬರಲಿಲ್ಲ.

ಊಟಕ್ಕೆ ಕೂತಾಗ ತಲೆ ಎರ್ಮುಖಾನ್ ಮುಂದೆ ಬಂತು. ಅವನು ತಟ್ಟೆಯನ್ನು ಮಗನ ಕಡೆ ತಳ್ಳಿದ. "ತಗೊಳಯ್ಯಾ, ನಿಂದೇ ಇದು. ಸತ್ತೋರು ತಲೆ ತಿನ್ನಲ್ಲ."

ದೋಸ್ಕಲಿ ಆ ತಲೆಯನ್ನು ನೋಡಿದ, ಪಕ್ಕದಲ್ಲಿ ಉಸಿರಾಡುತ್ತಿದ್ದ ಅಪ್ಪನನ್ನು ನೋಡಿದ. ಅಪ್ಪ ಇದ್ದಾನೆ ಅನ್ನುವುದಕ್ಕೇ ಕಣ್ಣು ತುಂಬಿಬಂತು.

"ಬೇಡಪ್ಪಾ. ನಂಗೆ ಕಿವಿ ಕೊಡು."

ಮುದುಕ ಮೊದಲು ಮಗನ ಕಿವಿ ಹಿಂಡಿದ. ಆಮೇಲೆ ಕುರಿಯದ್ದು ಕೊಯ್ದು ಕೊಟ್ಟ.