ಹುಳುಮನೆ ಬಾಗಿಲಲ್ಲಿ ಹೇಳಿದ ಸುಳ್ಳು

ನಾವು ದೊಮಿನಿಕನ್ ಸಿಸ್ಟರ್‌ಗಳು, ಕ್ರೈಸ್ತ ಸನ್ಯಾಸಿನಿಯರು. ದೇವರ ಮಾತು ಸಾರುವುದು ನಮ್ಮ ಸಭೆಯ ಕೆಲಸ, ಸತ್ಯ ನಮ್ಮ ಧ್ಯೇಯ. ಶಿಡ್ಲಘಟ್ಟದ ಕಡೆಯ ನಮ್ಮ ಶಾಲೆಯ ಗೇಟಿನ ಮೇಲೆ ‘ಸತ್ಯ’ ಎಂಬ ಆ ಎರಡಕ್ಷರವನ್ನು ನೀಲಿ ಬಣ್ಣದಲ್ಲಿ ಬರೆಸಿದವಳು ನಾನೇ. ಸೊಟ್ಟಗಾಯಿತೆಂದು ಪೇಂಟರ್ ಜೊತೆ ಜಗಳವಾಡಿ ಎರಡು ಸಲ ಅಳಿಸಿ ಬರೆಸಿದ್ದೆ. ಈಗ ಆ ಗೇಟು ದಾಟುವಾಗ ತಲೆ ಎತ್ತುವುದಿಲ್ಲ.

ಶಾಲೆಯ ಕೆಲಸ ಮುಗಿಸಿ ಮನೆ ಮನೆಗೆ ಹೋಗುವುದು ನಮ್ಮ ರೂಢಿ. ಕಾಯಿಲೆಯೋ, ಸಾವೋ, ದುಃಖ ಇರುವ ಕಡೆಗೆ ಮೊದಲು. ಬಿಳಿ ನಿಲುವಂಗಿ, ಸೊಂಟದಲ್ಲಿ ಜಪಮಾಲೆ ನೋಡಿ ಮೊದಮೊದಲು ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಮೇಲಾಮೇಲೆ ಸಿಸ್ಟರಮ್ಮ ಎಂದು ಕರೆದು ಕಾಫಿ ಕೊಡತೊಡಗಿದರು. ನನಗೆ ಅದರ ಬಗ್ಗೆ ಸ್ವಲ್ಪ ಜಂಬವೇ ಇತ್ತು.

ಒಂದು ಶನಿವಾರ ಮಧ್ಯಾಹ್ನ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಮನೆಗೆ ಹೋದೆ. ಅವರ ರೇಷ್ಮೆ ಹುಳುಗಳಿಗೆ ಸುಣ್ಣಕಟ್ಟು ರೋಗ ಬಡಿದಿತ್ತು. ಈ ರೋಗದಲ್ಲಿ ಹುಳು ಸತ್ತು ಸೀಮೆಸುಣ್ಣದ ಹಾಗೆ ಬೆಳ್ಳಗೆ, ಗಟ್ಟಿಯಾಗುತ್ತದೆ. ಮನೆಯಾಕೆ ಅಳುತ್ತಾ ಅವನ್ನು ಬುಟ್ಟಿಗೆ ತುಂಬುತ್ತಿದ್ದರು. ನಾನೂ ನಿಲುವಂಗಿಯ ತೋಳು ಮಡಚಿ ಅವರ ಜೊತೆ ತುಂಬಲು ಕೂತೆ. ಎಲ್ಲವನ್ನೂ ಹಿತ್ತಲಲ್ಲಿ ಸುಟ್ಟೆವು. ಹೊರಡುವಾಗ ಆಕೆ ನನ್ನ ಕೈ ಹಿಡಿದರು.

"ಯಾರಿಗೂ ಹೇಳ್ಬೇಡಿ ಸಿಸ್ಟರಮ್ಮ. ಊರೋರು ನಮ್ಮನ್ನ ಹತ್ರ ಸೇರ್ಸಲ್ಲ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೈ ತೊಳೆದುಕೊಂಡು, ಅಲ್ಲಿಂದ ನಾಲ್ಕು ಮನೆ ಆಚೆಗೆ ನಡೆದೆ.

ಅಲ್ಲಿ ನನ್ನ ಇನ್ನೊಬ್ಬ ವಿದ್ಯಾರ್ಥಿನಿ ಇದ್ದಳು. ಅದೇ ಕ್ಲಾಸು, ಬಲು ಚುರುಕು. ಪರೀಕ್ಷೆ ಮುಗಿದ ಕೂಡಲೇ ಅವಳನ್ನು ಸಾದಲಿಯ ಸೋದರಮಾವನಿಗೆ ಕೊಟ್ಟುಬಿಡುವುದೆಂದು ಮನೆಯಲ್ಲಿ ಮಾತಾಗಿತ್ತು. ಮದುವೆಯ ವಯಸ್ಸಿಗೆ ಇನ್ನೂ ಎರಡು ವರ್ಷ ಬೇಕಿತ್ತು. ಚಿಂತಾಮಣಿಯಲ್ಲಿ ಕಾಲೇಜಿಗೆ ಸೇರಿಸಿ ಎಂದು ಅವಳ ಅಪ್ಪನನ್ನು ಒಪ್ಪಿಸಲು ಹೋಗಿದ್ದೆ.

ಬಾಗಿಲಲ್ಲಿ ಅವಳ ಅಮ್ಮ ಕೇಳಿದರು, "ಎಲ್ಲಿಂದ ಬಂದ್ರಿ ಸಿಸ್ಟರಮ್ಮ?"

ಹುಳು ಸಾಕುವ ಮನೆಗಳಲ್ಲಿ ಇದು ಬರೀ ಉಪಚಾರದ ಮಾತಲ್ಲ. ಕಾಲಿಗೆ, ಬಟ್ಟೆಗೆ ರೋಗ ಅಂಟಿ ಬರುತ್ತದೆಂದು, ರೋಗದ ಮನೆ ಮೆಟ್ಟಿ ಬಂದವರನ್ನು ಒಳಗೆ ಬಿಡುವುದಿಲ್ಲ. ನನಗದು ಚೆನ್ನಾಗಿಯೇ ಗೊತ್ತಿತ್ತು.

"ಕಾನ್ವೆಂಟಿಂದಲೇ" ಎಂದೆ.

ಆಕೆ ನನ್ನ ಕಾಲಿಗೆ ಬ್ಲೀಚಿಂಗ್ ನೀರು ಹಾಕಿದರು. ಹುಡುಗಿಯ ಅಪ್ಪ ಹುಳುಮನೆಯೊಳಗೆ ಸೊಪ್ಪು ಹಾಕುತ್ತಿದ್ದರು, ಬಿಟ್ಟು ಬರುವಂತಿರಲಿಲ್ಲ. ನಾನೇ ಒಳಗೆ ಹೋಗಿ, ಅವರನ್ನು ಮೆಚ್ಚಿಸಲೆಂದು ಹಿಪ್ಪುನೇರಳೆ ಕಡ್ಡಿ ಎತ್ತಿಕೊಡುತ್ತಾ ಒಂದು ಗಂಟೆ ವಾದ ಮಾಡಿದೆ. ಕೊನೆಗೆ ಅವರು ನಕ್ಕರು.

"ಆಯ್ತು ಬಿಡಿ ಸಿಸ್ಟರ್. ಈ ಬೆಳೆ ಒಂದು ಚೆನ್ನಾಗಿ ಬರ್ಲಿ, ಸೇರಿಸ್ತೀನಿ."

ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾನು ಕುಣಿಯುವುದೊಂದು ಬಾಕಿ.

ಅವರ ಹುಳು ಗೂಡು ಕಟ್ಟಲು ಇನ್ನೆರಡು ದಿನ ಇರುವಾಗ ಮೊದಲ ಬಿಳಿ ಹುಳು ಕಂಡಿತಂತೆ. ಆ ಎರಡು ದಿನದಲ್ಲೇ ತಟ್ಟೆಗಳೆಲ್ಲ ಬೆಳ್ಳಗಾಗಿದ್ದವು. ಈ ಚಳಿಗೆ ರೋಗ ಗಾಳಿಯಲ್ಲೂ ಬರುತ್ತದೆ ಎಂದು ಯಾರೋ ತಿಳಿದವರು ಹೇಳಿದರು. ನನ್ನ ಮನಸ್ಸು ಒಪ್ಪಲಿಲ್ಲ. ಅಂದು ನನ್ನ ನಿಲುವಂಗಿಯ ಅಂಚು ಎರಡೂ ಮನೆಯ ನೆಲ ಗುಡಿಸಿತ್ತು.

ಬೆಳೆಯ ಜೊತೆ ಕಾಲೇಜಿನ ಮಾತೂ ಹೋಗಿ, ಹುಡುಗಿಯ ಮದುವೆ ನಿಶ್ಚಯವಾಯಿತು. ಒಂದು ಫೋನು ಮಾಡಿದ್ದರೆ ಅಧಿಕಾರಿಗಳು ಬಂದು ನಿಲ್ಲಿಸುತ್ತಿದ್ದರು. ಬೇರೆ ಎರಡು ಮನೆಗಳಲ್ಲಿ ಹಾಗೆ ನಿಲ್ಲಿಸಿ ಬೈಗುಳ ತಿಂದವಳೇ ನಾನು. ಈ ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ಅವರ ಬೆಳೆ ಹಾಳು ಮಾಡಿದವಳು, ಮೇಲೆ ಪೊಲೀಸರನ್ನೂ ಯಾವ ಮುಖ ಇಟ್ಟುಕೊಂಡು ಕಳಿಸಲಿ? ಹಾಗಂದುಕೊಂಡೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ವಿಚಾರಣೆಯಾದರೆ ಆ ಶನಿವಾರದ ಮಾತೂ ಹೊರಬರುತ್ತದೆ ಎಂದು. ಚರ್ಚಿನ ಗುರುಗಳ ಬಳಿ ಪಾಪನಿವೇದನೆ ಮಾಡಿಕೊಂಡೆ, ಅವರು ಕ್ಷಮೆ ಕೊಟ್ಟರು. ಆ ಮನೆಗೆ ಹೋಗಿ ಮಾತ್ರ ಹೇಳಲಿಲ್ಲ. ಅಷ್ಟರಲ್ಲಿ ಮದುವೆ ಮುಗಿಯಿತು.

ಮೂರು ವರ್ಷದ ಮೇಲೆ, ಈಚೆಗೆ, ಸಾದಲಿಯಲ್ಲಿ ಅವಳ ಮನೆ ಹುಡುಕಿಕೊಂಡು ಹೋದೆ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ. ಅವಳು ಹುಳುಮನೆಯಿಂದ ಹೊರಗೆ ಬಂದಳು. ಸೊರಗಿದ್ದಳು, ಸೊಂಟದಲ್ಲಿ ಮಗು. ರೋಗ ತಡೆಯಲೆಂದು ಹೊಸಿಲಿನಾಚೆ ಹಾಕಿದ್ದ ಸುಣ್ಣದ ಗೆರೆಯ ಆ ಕಡೆಯೇ ನಿಂತಳು.

"ಎಲ್ಲಿಂದ ಬಂದ್ರಿ ಸಿಸ್ಟರ್?"

"ಕಾನ್ವೆಂಟಿಂದ. ನೇರ ಅಲ್ಲಿಂದಲೇ ಕಣಮ್ಮ" ಎಂದೆ. ಈ ಸಲ ಅದು ನಿಜವಾಗಿತ್ತು. "ಆದ್ರೆ ಅವತ್ತು..."

"ಅವತ್ತು ನೀವು ಆ ಮನೆಯಿಂದ ಬಂದಿದ್ದು ನಾನು ನಮ್ಮನೆ ಮಾಳಿಗೆ ಮೇಲಿಂದ ನೋಡ್ದೆ" ಎಂದಳು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. "ಹಿತ್ತಲಲ್ಲಿ ಸುಡೋ ಹೊಗೆ ನೋಡಿ ಅವರ ಹುಳ ಹೋಗಿದ್ದೂ ಗೊತ್ತಾಗಿತ್ತು. ಹೇಳಿದ್ರೆ ಅಮ್ಮ ನಿಮ್ಮನ್ನ ಬಾಗ್ಲಿಂದಲೇ ಕಳಿಸಿಬಿಡೋರು. ಕಾಲೇಜು ವಿಷ್ಯ ಅಪ್ಪಂಗೆ ಇನ್ಯಾರು ಹೇಳ್ತಿದ್ರು? ಅದಕ್ಕೇ ಸುಮ್ನಾದೆ. ನನ್ನಿಂದಲೇ ಹುಳ ಹೋಯ್ತು ಸಿಸ್ಟರ್. ಅಮ್ಮಂಗೆ ಹೇಳ್ಬೇಡಿ."