ಸಡಿಲವಾಗದ ಕೀಲು

ಪಾಣೆಮಂಗಳೂರಿನ ರಾಜೀವಿ ಟೀಚರಿಗೆ ಸೊಂಟದ ಕೀಲು ಬದಲಿಸಿ, ಹೊಸದನ್ನು ಮೂಳೆಗೆ ಅಂಟಿಸುವ ಸಿಮೆಂಟು ಹಾಕಿ ಕೂರಿಸಿದಾಗ ನಲವತ್ತೆರಡು ವರ್ಷ. "ಹದಿನೈದು ವರ್ಷ ಬಾಳಿಕೆ ಬಂದೀತು" ಎಂದಿದ್ದರು ಡಾಕ್ಟರು. ಅಂದಿನಿಂದ ಅವರು ಪ್ರತಿ ಹೆಜ್ಜೆಯನ್ನೂ ಅಂಜಿಕೊಂಡೇ ಇಟ್ಟರು; ಹೊಳೆಗೆ ಇಳಿಯುವುದನ್ನಂತೂ ಬಿಟ್ಟೇಬಿಟ್ಟರು.

ಮೂವತ್ತು ವರ್ಷಗಳ ನಂತರ, ಈಚೆಗೆ ತೆಗೆಸಿದ ಎಕ್ಸ್‌ರೇ ನೋಡಿ ಹೊಸ ಡಾಕ್ಟರು ನಕ್ಕರು. "ಎಲ್ಲಿಯೂ ಸಡಿಲ ಆಗಿಲ್ಲ ಟೀಚರ್. ಇನ್ನೂ ಗಟ್ಟಿ ಉಂಟು."

ವಾಪಸು ಬರುವಾಗ ಸೇತುವೆಯ ಹತ್ತಿರ ರಾಜೀವಿ ರಿಕ್ಷಾ ನಿಲ್ಲಿಸಿದರು. "ಹೊಳೆಗೆ ಇಳಿಯುವ" ಎಂದರು ಜೊತೆಗಿದ್ದ ಗಂಡನಿಗೆ.

"ಹೊಳೆಗಾ ಮಾರಾಯ್ತಿ?"

ಗಂಡನ ಕೈ ಹಿಡಿದು ಅವರು ಮೆಲ್ಲನೆ ಇಳಿದರು. ಬೆಚ್ಚಗಿನ ಮರಳು ಪಾದದಡಿ ಜಾರಿತು. ನೇತ್ರಾವತಿಯ ತಂಪು ಮೊಣಕಾಲಿಗೇರಿತು. ಸಂಜೆಯ ಬೆಳಕು ನೀರಲ್ಲಿ ಕರಗುತ್ತಿದ್ದಂತೆ, ಮೈಗೆ ಭಾರವೇ ಇಲ್ಲವೆನಿಸಿ ರಾಜೀವಿ ಕಣ್ಣು ಮುಚ್ಚಿ ಹಾಯಾಗಿ ನಿಂತರು.